ಹಿತ್ತಲಿನ ಎಣಿಕೆ

ಭವಾನಿಪುರಂ, ವಿಜಯವಾಡ
12 ಜನವರಿ 2025

ಅನಸೂಯಾ ಅವರಿಗೆ,

ಕವರಿನ ಮೇಲಿನ ಅಕ್ಷರ ನೋಡಿದಾಗಲೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಶಾಖಪಟ್ಟಣದ ನಿಮ್ಮ ಬ್ಯಾಂಕ್ ಶಾಖೆಯವರು ವಿಳಾಸ ಕೊಟ್ಟರು. ಫೋನ್ ನಂಬರನ್ನೂ ಕೊಟ್ಟರು. ಆದರೆ ಈಚೆಗೆ ಇಲ್ಲಿ ಲೈನ್ ಸರಿಯಿಲ್ಲ. ಯಾರೇ ಮಾತಾಡಲಿ, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಅದಕ್ಕೇ ಕಾಗದ.

ನಿವೃತ್ತನಾಗಿ ಒಂಬತ್ತು ವರ್ಷವಾಯಿತು. ಹಾವೇರಿಗೆ ಮರಳುವ ವಿಚಾರವಿತ್ತು, ಚೆನ್ನಮ್ಮ ಒಪ್ಪಲಿಲ್ಲ. ಬ್ಯಾಂಕಿನಲ್ಲಿದ್ದಾಗ ಬಾಡಿಗೆಗಿದ್ದ ಮನೆಯನ್ನೇ ಕೊಂಡುಕೊಂಡೆವು. ಹಿತ್ತಲು, ಮಾವಿನ ಮರ, ನೀವು ತಂದು ನೆಟ್ಟ ಕೆಂಪು ದಾಸವಾಳ ಎಲ್ಲವೂ ಹಾಗೆಯೇ ಇವೆ.

2006ರಲ್ಲಿ ನಾವಿಬ್ಬರೂ ಶುರುಮಾಡಿದ ಹಕ್ಕಿ ಎಣಿಕೆಯನ್ನು ನಾನು ನಿಲ್ಲಿಸಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಹಿತ್ತಲಿನ ಕಟ್ಟೆಯ ಮೇಲೆ ಕೂತು, ಹತ್ತು ನಿಮಿಷ ಕಣ್ಣು ಮುಚ್ಚಿ, ಕೇಳಿದ ಪ್ರತಿ ದನಿಗೂ ಒಂದು ಗೆರೆ. ಕಣ್ಣು ಎಲೆಗಳ ನಡುವೆ ಮೋಸಹೋಗುತ್ತದೆ, ಕಿವಿ ಹೋಗುವುದಿಲ್ಲ ಎಂದು ಆಗ ನಿಯಮ ಮಾಡಿದವನು ನಾನೇ. ನೀವಿದ್ದಾಗ, 2008ರಲ್ಲಿ, ಸರಾಸರಿ ಮೂವತ್ತೊಂದು ದನಿ ಬರುತ್ತಿದ್ದವು. ಹೋದ ವರ್ಷದ ಸರಾಸರಿ ಹನ್ನೆರಡು.

ಈ ಬಗ್ಗೆ ನಮ್ಮ ಕಾಲೊನಿಯ ಸಂಘಕ್ಕೆ ಒಂದು ವರದಿ ಕೊಡಬೇಕೆಂದಿದ್ದೇನೆ. ನೀವು ಅಲ್ಲಿ ಎಣಿಕೆ ಮುಂದುವರಿಸಿದ್ದರೆ ಅಂಕಿಗಳನ್ನು ಕಳಿಸಿಕೊಡಿ. ಹೋಲಿಸಿ ನೋಡಬೇಕು.

ಚೆನ್ನಮ್ಮ ನಿಮ್ಮನ್ನು ಕೇಳಿದ್ದಾಳೆ.

ಬಾಲಚಂದ್ರ


ಎಂ.ವಿ.ಪಿ. ಕಾಲೊನಿ, ವಿಶಾಖಪಟ್ಟಣ
2 ಫೆಬ್ರುವರಿ 2025

ಬಾಲಚಂದ್ರ ಸರ್ ಅವರಿಗೆ ನಮಸ್ಕಾರ.

ಕಾಗದ ತಲುಪಿತು. ಎಣಿಕೆಯನ್ನು ನಾನೂ ಬಿಟ್ಟಿಲ್ಲ. ಹಾಳೆ ಇದರೊಂದಿಗಿದೆ.

ಇಲ್ಲಿ 2014ರ ಚಂಡಮಾರುತಕ್ಕೆ ನಮ್ಮ ಬೀದಿಯ ಮರಗಳಲ್ಲಿ ಅರ್ಧ ಉರುಳಿದವು. ಎರಡು ವರ್ಷ ಹಕ್ಕಿಗಳ ಸಂಖ್ಯೆ ಬಹಳ ಕಡಿಮೆಯಿತ್ತು. ಆಮೇಲೆ ಸುಧಾರಿಸಿತು. ಈಗ ಎಲ್ಲರ ಬಾಲ್ಕನಿಯಲ್ಲೂ ಹೂವಿನ ಕುಂಡಗಳಿವೆ, ಸೂರಕ್ಕಿಗಳು ಮೊದಲಿಗಿಂತ ಹೆಚ್ಚೇ ಇವೆ. ಗುಬ್ಬಚ್ಚಿ ಇಲ್ಲವೇ ಇಲ್ಲ. ಪಾರಿವಾಳ ಅತಿಯಾಗಿದೆ. ಒಟ್ಟಿನಲ್ಲಿ 2008ರಲ್ಲಿ ನಾವು ಅಲ್ಲಿ ಎಣಿಸುತ್ತಿದ್ದಷ್ಟೇ ಇಲ್ಲಿ ಈಗಲೂ ಸಿಗುತ್ತವೆ: ಇಪ್ಪತ್ತೆಂಟು, ಮೂವತ್ತು.

ಮರ, ದಾಸವಾಳ ಎಲ್ಲ ಹಾಗೆಯೇ ಇರುವಾಗ ನಿಮ್ಮಲ್ಲಿ ಹನ್ನೆರಡಕ್ಕೆ ಇಳಿದದ್ದು ಏಕೆಂದು ನನಗೆ ತಿಳಿಯುತ್ತಿಲ್ಲ.

ನನಗೆ ಇನ್ನೆರಡು ವರ್ಷ ಸರ್ವಿಸ್ ಇದೆ. ಅಮ್ಮ 2013ರಲ್ಲಿ ತೀರಿಕೊಂಡರು. ಚೆನ್ನಮ್ಮನವರಿಗೆ ನಮಸ್ಕಾರ ತಿಳಿಸಿ.

ಇಂತು,
ಅನಸೂಯಾ


ಭವಾನಿಪುರಂ
20 ಫೆಬ್ರುವರಿ 2025

ಅನಸೂಯಾ ಅವರಿಗೆ,

ನಿಮ್ಮ ತಾಯಿಯವರ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ವಿಷಾದವಾಯಿತು.

ಏಕೆ ಇಳಿಯಿತೆಂಬುದಕ್ಕೆ ನನ್ನ ಬಳಿ ಉತ್ತರವಿದೆ. ಬೆಕ್ಕು. ಪಕ್ಕದ ಮನೆಯ ಕೋಟೇಶ್ವರಮ್ಮ ನೀವು ಹೋದಮೇಲೆ ಬಂದವರು. ಗಂಡ ಇಲ್ಲ, ಮಂಗಳಗಿರಿಯಿಂದ ಸೀರೆ ತಂದು ಮನೆಮನೆಗೆ ಮಾರುತ್ತಾರೆ. ಒಂಬತ್ತು ಬೆಕ್ಕುಗಳಿಗೆ ಊಟ ಹಾಕುತ್ತಾರೆ. ಅವು ದಿನವಿಡೀ ನಮ್ಮ ಕಾಂಪೌಂಡಿನ ಮೇಲೆಯೇ. ಅವರು ಬಂದದ್ದು 2015ರಲ್ಲಿ. ನನ್ನ ಎಣಿಕೆ ಜೋರಾಗಿ ಇಳಿದದ್ದೂ ಅಲ್ಲಿಂದಲೇ. ಗ್ರಾಫ್ ಹಾಕಿ ನೋಡಿದರೆ ಮಗುವಿಗೂ ಅರ್ಥವಾಗುತ್ತದೆ.

ಇನ್ನೊಂದು ವಿಚಿತ್ರ. ಉಳಿದ ಹಕ್ಕಿಗಳೂ ಮೂಕವಾಗಿವೆ. ಮೊನ್ನೆ ಎಣಿಕೆ ಮುಗಿಸಿ ಕಣ್ಣು ಬಿಟ್ಟಾಗ ದಾಸವಾಳದ ಮೇಲೆ ಒಂದು ಗಂಡು ಸೂರಕ್ಕಿ ಕೂತಿತ್ತು, ನನ್ನಿಂದ ಆರಡಿ ದೂರ. ಕೊಕ್ಕು ತೆರೆದು ಮುಚ್ಚುತ್ತಿತ್ತು, ಗಂಟಲು ಕುಣಿಯುತ್ತಿತ್ತು, ದನಿ ಮಾತ್ರ ಇಲ್ಲ. ಬೆಕ್ಕಿನ ಭಯಕ್ಕೆ ಹಾಡುವುದನ್ನೇ ಬಿಟ್ಟಿವೆಯೋ ಏನೋ. ಇದನ್ನೂ ವರದಿಯಲ್ಲಿ ಸೇರಿಸಿದ್ದೇನೆ. ಮಾರ್ಚ್ ಎರಡನೇ ವಾರ ಸಂಘದ ಸಭೆ.

ಬಾಲಚಂದ್ರ


ವಿಶಾಖಪಟ್ಟಣ
4 ಮಾರ್ಚ್ 2025

ಸರ್,

ಒಂದು ಕೋರಿಕೆ. ವರದಿಯನ್ನು ದಯವಿಟ್ಟು ಸ್ವಲ್ಪ ದಿನ ತಡೆದುಕೊಳ್ಳಿ. ನಿಮ್ಮ ಒಟ್ಟು ಸಂಖ್ಯೆ ಮಾತ್ರ ನನಗೆ ಗೊತ್ತು. ಯಾವ ಹಕ್ಕಿ ಎಷ್ಟು ಎಂದು ಬಿಡಿಬಿಡಿಯಾಗಿ, 2008ರಿಂದ ವರ್ಷಕ್ಕೊಂದು ಸಾಲಿನಂತೆ ಬರೆದು ಕಳಿಸುತ್ತೀರಾ? ಕಾಗೆ, ಕೋಗಿಲೆ, ಕೆಂಬೂತ, ಗೊರವಂಕ, ಪಿಕಳಾರ ಒಂದು ಕಡೆ. ಸೂರಕ್ಕಿ, ಬದನಿಕೆ, ಬೆಳ್ಗಣ್ಣ, ರಾಟವಾಳ ಇನ್ನೊಂದು ಕಡೆ.

ಏಪ್ರಿಲ್ ಹನ್ನೆರಡಕ್ಕೆ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಮಂಗಳಗಿರಿಗೆ ಬರುತ್ತಿದ್ದೇನೆ. ನಿಮಗೆ ತೊಂದರೆಯಿಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಮನೆಗೆ ಬಂದು, ನಿಮ್ಮ ಜೊತೆ ಕೂತು ಎಣಿಸುತ್ತೇನೆ.

ಅನಸೂಯಾ


ಭವಾನಿಪುರಂ
30 ಮಾರ್ಚ್ 2025

ಅನಸೂಯಾ ಅವರಿಗೆ,

ನಿಮ್ಮ ಕಾಗದ ಬರುವಷ್ಟರಲ್ಲಿ ಸಭೆ ಮುಗಿದಿತ್ತು. ಕಾರ್ಯದರ್ಶಿ ಗೋಪಾಲಕೃಷ್ಣ ನನ್ನ ಗ್ರಾಫನ್ನು ಗೋಡೆಗೆ ಅಂಟಿಸಿ ಎಲ್ಲರಿಗೂ ತೋರಿಸಿದರು. ಹತ್ತೊಂಬತ್ತು ವರ್ಷದ ದಾಖಲೆ ಎಂದಮೇಲೆ ಎಲ್ಲರೂ ಒಪ್ಪಿಕೊಂಡರು. ಕೋಟೇಶ್ವರಮ್ಮ ಎದ್ದು ನಿಂತು, “ನನ್ನ ಬೆಕ್ಕುಗಳು ಹಕ್ಕಿ ಹಿಡಿಯುವುದೇ ಇಲ್ಲ ಅಂತ ನಾನು ಹೇಳಲ್ಲ, ಸಾರ್. ಆದರೆ ಹಕ್ಕಿ ಇಲ್ಲ ಅಂತೀರಲ್ಲ, ಅದು ಹೇಗೆ?” ಎಂದರು. ನಾನು ಪುಸ್ತಕ ತೆರೆದು ತೋರಿಸಿದೆ. ಅವರು ಕೂತುಬಿಟ್ಟರು.

ಹೋದ ಗುರುವಾರ ಸಂಘದವರು ಇಬ್ಬರು ಆಳುಗಳನ್ನು ಕರೆಸಿ ಬೆಕ್ಕುಗಳನ್ನು ಹಿಡಿಸಿದರು. ಗೋಣಿಚೀಲದಲ್ಲಿ ಹಾಕಿ, ಆಟೋದಲ್ಲಿ ಒಯ್ದು, ಆಟೋನಗರದಲ್ಲಿ ಲಾರಿ ಕಟ್ಟುವ ಶೆಡ್ಡುಗಳ ಹತ್ತಿರ ಬಿಟ್ಟರಂತೆ. ಅಷ್ಟು ಒರಟಾಗಿ ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ಚೆನ್ನಮ್ಮ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ಆದರೂ ನಾನು ಬರೆದದ್ದರಲ್ಲಿ ಸುಳ್ಳು ಒಂದಕ್ಷರವಿಲ್ಲ.

ನೀವು ಕೇಳಿದ ಬಿಡಿ ಅಂಕಿಗಳು ಇದರಲ್ಲಿವೆ. ಭಾನುವಾರ ಖಂಡಿತ ಬನ್ನಿ. ಬೆಕ್ಕು ಹೋದಮೇಲಿನ ಮೊದಲ ಸುಧಾರಣೆ ನಿಮ್ಮೆದುರೇ ದಾಖಲಾಗಲಿ.

ಬಾಲಚಂದ್ರ


ವಿಶಾಖಪಟ್ಟಣ
21 ಏಪ್ರಿಲ್ 2025

ಬಾಲಚಂದ್ರ ಸರ್,

ಅಂದು ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು, ಹೇಳಬೇಕಾದ್ದನ್ನು ಹೇಳದೆ ಬಸ್ಸು ಹತ್ತಿದೆ. ಅದಕ್ಕೆ ಕ್ಷಮಿಸಿ.

ಆ ಬೆಳಿಗ್ಗೆ ಹತ್ತು ನಿಮಿಷದಲ್ಲಿ ನೀವು ಹದಿಮೂರು ಗೆರೆ ಹಾಕಿದಿರಿ. ನಾನು ಇಪ್ಪತ್ತೇಳು ಹಾಕಿದೆ. ನಿಮ್ಮ ಹಾಳೆ ನೋಡಿ ನನ್ನದನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಈಗ ಕಳಿಸುತ್ತಿದ್ದೇನೆ. ಸೂರಕ್ಕಿ ಆರು. ಒಂದಂತೂ ನಿಮ್ಮ ತಲೆಯ ಮೇಲಿನ ಕೊಂಬೆಯಲ್ಲಿ ಎಣಿಕೆ ಮುಗಿಯುವವರೆಗೂ ಕೂಗುತ್ತಲೇ ಇತ್ತು. ಬದನಿಕೆ ಮೂರು. ಬೆಳ್ಗಣ್ಣಗಳ ಒಂದು ಗುಂಪು. ರಾಟವಾಳ ನಾಲ್ಕು. ನಿಮ್ಮ ಹಾಳೆಯಲ್ಲಿ ಇವುಗಳ ಮುಂದೆ ಏನೂ ಇಲ್ಲ.

ನೀವು ಕಳಿಸಿದ ಬಿಡಿ ಅಂಕಿಗಳನ್ನು ನೋಡಿದಾಗಲೇ ಅನುಮಾನವಿತ್ತು. ಕಾಗೆ, ಕೋಗಿಲೆ, ಕೆಂಬೂತ, ಗೊರವಂಕ ಹದಿನೇಳು ವರ್ಷದಲ್ಲಿ ಇಳಿದೇ ಇಲ್ಲ. ಅವುಗಳದ್ದು ದಪ್ಪ ದನಿ. ಮೊದಲು ಮಾಯವಾದದ್ದು ಬದನಿಕೆ, ಆಮೇಲೆ ಸೂರಕ್ಕಿ, ಆಮೇಲೆ ಬೆಳ್ಗಣ್ಣ. ಅತಿ ಸಣ್ಣ ದನಿಯವು ಮೊದಲು, ಅದಕ್ಕಿಂತ ಸ್ವಲ್ಪ ದಪ್ಪ ದನಿಯವು ಅದರ ನಂತರ. ಬೆಕ್ಕು ದನಿ ನೋಡಿ ಹಕ್ಕಿ ಹಿಡಿಯುವುದಿಲ್ಲ, ಸರ್. ಕೊಕ್ಕು ತೆರೆಯುತ್ತಿದ್ದ ಆ ಸೂರಕ್ಕಿ ಹಾಡುತ್ತಲೇ ಇದ್ದಿರಬೇಕು. ನಿಮ್ಮ ಕಿವಿಗೆ ಸಣ್ಣ ದನಿಗಳು ಬೀಳುತ್ತಿಲ್ಲ. ವಯಸ್ಸಾದಂತೆ ಬಹಳ ಜನಕ್ಕೆ ಹೀಗಾಗುತ್ತದಂತೆ. ಪರೀಕ್ಷೆ ಮಾಡಿಸಿಕೊಳ್ಳಿ.

ಎದುರಿಗೇ ಹೇಳದೆ ಬಂದದ್ದಕ್ಕೆ ಕಾರಣವಿದೆ. 2012ರಲ್ಲಿ ನನ್ನ ಗೌಪ್ಯ ವರದಿಯಲ್ಲಿ ನೀವು ‘ಸಮಯಪಾಲನೆ ಇಲ್ಲ’ ಎಂದು ಬರೆದಿರಿ. ತಿಂಗಳಲ್ಲಿ ಹನ್ನೊಂದು ದಿನ ತಡವಾಗಿ ಬಂದಿದ್ದೆ. ರಿಜಿಸ್ಟರಿನಲ್ಲಿ ಹಾಗೆಯೇ ಇತ್ತು, ನೀವು ಸುಳ್ಳು ಬರೆದಿರಲಿಲ್ಲ. ಆ ಹನ್ನೊಂದು ದಿನವೂ ಅಮ್ಮನಿಗೆ ಡಯಾಲಿಸಿಸ್ ಮಾಡಿಸಿ ಬರುತ್ತಿದ್ದೆ. ನಾನು ಹೇಳಿರಲಿಲ್ಲ, ನೀವು ಕೇಳಿರಲಿಲ್ಲ. ಬಡ್ತಿ ಹೋಯಿತು, ಇಲ್ಲಿಗೆ ವರ್ಗವಾಯಿತು, ಅಮ್ಮನನ್ನು ಈ ಊರಿಗೆ ಹೊತ್ತು ತಂದೆ.

ಈಗ ನಿಮ್ಮ ಕೊರತೆಯೊಂದನ್ನು ನಾನು ಬರವಣಿಗೆಯಲ್ಲಿ ಇಡಬೇಕು. ಬಸ್ಸಿನಲ್ಲಿ ವಿಶಾಖಪಟ್ಟಣದವರೆಗೂ ಇದನ್ನೇ ಯೋಚಿಸಿದೆ. ಸೇಡು ತೀರಿಸಿಕೊಂಡಂತೆ ಆಗುತ್ತದೇನೋ ಎಂದು ಒಂದು ವಾರ ಬರೆಯಲಿಲ್ಲ. ಆದರೆ ಅಂದು ಗೇಟಿನ ಹತ್ತಿರ ಪಕ್ಕದ ಮನೆಯ ಕೋಟೇಶ್ವರಮ್ಮನವರನ್ನು ನೋಡಿದೆ. ಒಂಬತ್ತು ತಟ್ಟೆಗಳನ್ನು ತೊಳೆದು ಸಾಲಾಗಿ ಕವುಚಿ ಇಡುತ್ತಿದ್ದರು. ಅದಕ್ಕಾಗಿ ಬರೆದಿದ್ದೇನೆ.

ಅನಸೂಯಾ


ಭವಾನಿಪುರಂ
15 ಜೂನ್ 2025

ಅನಸೂಯಾ,

ನಾ ಚೆನ್ನಮ್ಮ ಬರಿಯಾಕತ್ತೀನಿ. ಅವ್ರು ನಿನ್ನ ಕಾಗದ ಬಂದಾಗಿಂದ ಪೆನ್ನ ಹಿಡದಿಲ್ಲ. ಮೊದಲ ಎರಡ ದಿನ ಊಟಕ್ಕ ಕರದರೂ ಬರಲಿಲ್ಲ. ಮೂರನೇ ದಿನ ಬಂದು, “ನಿನಗ ಗೊತ್ತಿತ್ತೇನ?” ಅಂತ ಕೇಳಿದ್ರು. ಗೊತ್ತಿಲ್ಲದ ಏನ? ಕುಕ್ಕರ್ ಸೀಟಿ ಎಷ್ಟ ಆತು ಅಂದ್ರ ಯಾವ ಸೀಟಿ ಅಂತಾರ. ಮೊಮ್ಮಗಳು ಫೋನ್ ಮಾಡಿದ್ರ ಲೈನ್ ಸರಿ ಇಲ್ಲ ಅಂತ ನನ್ನ ಕೈಗೆ ಕೊಡ್ತಾರ. ಐದ ವರ್ಷದ ಹಿಂದನ ಹೇಳೀನಿ, ಕಿವಿ ತೋರಿಸ್ಕೋರಿ ಅಂತ. “ನೀನು ಬಾಯೊಳಗ ಮಾತಾಡ್ತಿ” ಅಂದ್ರು. ಆಮ್ಯಾಲೆ ನಾನೂ ಸುಮ್ಮನಾದೆ. ಗಂಟಲ ಹರಕೊಂಡು ಮಾತಾಡೋದು ರೂಢಿ ಆತು.

ಆದ್ರ ಹಕ್ಕಿ ಲೆಕ್ಕಕ್ಕೂ ಇದಕ್ಕೂ ಸಂಬಂಧ ಐತಿ ಅಂತ ನನಗ ಹೊಳೀಲೇ ಇಲ್ಲ ನೋಡು. ಹೊಳದಿದ್ರ ಆ ಸಭಾದಾಗ ಎದ್ದು ಹೇಳತಿದ್ದೆ. ಕೋಟೇಶ್ವರಮ್ಮನ ಮಾರಿ ನೋಡಲಿಕ್ಕೆ ನನಗ ಆಗವಲ್ದು.

ನಿನ್ನೆ ತಾವಾಗೇ ಡಾಕ್ಟರ ಕಡೆ ಹೋಗಿ ಬಂದಾರ. ಪೇಪರ್ ಟೇಬಲ್ ಮ್ಯಾಲೆ ಇಟ್ಟಾರ. ನೀ ಬೇಜಾರ ಮಾಡ್ಕೋಬ್ಯಾಡ. ನಿನ್ನ ಅವ್ವನ ವಿಷಯ ಓದಿ ನನಗ ಬಾಳ ಕೆಟ್ಟ ಅನಸ್ತು. ನನಗರ ಹೇಳಬಾರದಿತ್ತೇನು ಅವಾಗ?

ಚೆನ್ನಮ್ಮ


ಭವಾನಿಪುರಂ
6 ಜುಲೈ 2025

ಅನಸೂಯಾ ಅವರಿಗೆ,

ನಿಮ್ಮ ಕಾಗದಕ್ಕೆ ಹನ್ನೊಂದು ವಾರ ಉತ್ತರ ಬರೆಯಲಿಲ್ಲ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಕಿವಿ ಪರೀಕ್ಷೆಯಾಯಿತು. ಅವರು ಕೊಟ್ಟ ಕಾಗದದಲ್ಲಿಯೂ ಒಂದು ಗ್ರಾಫ್ ಇದೆ. ಎಡದಿಂದ ಅರ್ಧದವರೆಗೆ ನೇರವಾಗಿ ಹೋಗಿ, ಅಲ್ಲಿಂದ ಕಡಿದಾಗಿ ಕೆಳಗಿಳಿಯುತ್ತದೆ. ನಾನು ಸಂಘಕ್ಕೆ ಕೊಟ್ಟ ಗ್ರಾಫಿನ ಪಕ್ಕ ಇಟ್ಟು ನೋಡಿದೆ. ಎಡ ಕಿವಿಯದ್ದು ಬಲಕ್ಕಿಂತ ಹೆಚ್ಚು ಹೋಗಿದೆ. ಹತ್ತು ಹನ್ನೆರಡು ವರ್ಷದಿಂದಲೇ ಶುರುವಾಗಿರಬೇಕು ಎಂದರು.

ಜೂನ್ ಕೊನೆಯ ಸಭೆಯಲ್ಲಿ ಎದ್ದು ನಿಂತು ಓದಿದೆ: ‘ನಾನು ಕೊಟ್ಟ ವರದಿ ತಪ್ಪು. ಹಕ್ಕಿಗಳು ಕಡಿಮೆಯಾಗಿಲ್ಲ, ನನ್ನ ಶ್ರವಣ ಕಡಿಮೆಯಾಗಿದೆ. ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ.’ ಗೋಪಾಲಕೃಷ್ಣ ನಕ್ಕು, “ಹೋಗಲಿ ಬಿಡಿ ಸಾರ್, ಹೇಗೋ ಒಳ್ಳೆಯದೇ ಆಯಿತು. ಕಾರಿನ ಮೇಲೆಲ್ಲ ಬೆಕ್ಕಿನ ಹೆಜ್ಜೆ ಇರುತ್ತಿತ್ತು” ಎಂದರು. ಇನ್ನೂ ಇಬ್ಬರು ನಕ್ಕರು. ಅವರಿಗೆ ಹಕ್ಕಿ ಬೇಕಿರಲಿಲ್ಲ ಎಂದು ನನಗೆ ಅಲ್ಲಿಯೇ ಗೊತ್ತಾದದ್ದು. ಒಬ್ಬ ನಿವೃತ್ತ ಮ್ಯಾನೇಜರನ ದಾಖಲೆ ಬೇಕಿತ್ತು, ನಾನು ಕೊಟ್ಟೆ.

ಅಲ್ಲಿಂದ ನೇರ ಕೋಟೇಶ್ವರಮ್ಮನ ಮನೆಗೆ ಹೋದೆ. ಸೀರೆಯ ಗಂಟು ಕಟ್ಟುತ್ತಿದ್ದರು. ಕೂರಿ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ತಮ್ಮ ಕಿವಿ ಮುಟ್ಟಿ ತೋರಿಸಿ ಗಟ್ಟಿಯಾಗಿ ಹೇಳಿದರು: “ನಿಮಗೆ ಕೇಳದಿದ್ದರೆ ನನ್ನನ್ನು ಕೇಳಬಹುದಿತ್ತಲ್ಲ, ಸಾರ್. ಗೋಡೆಯ ಆಚೆಯೇ ಇದ್ದೆ. ಬೆಳಿಗ್ಗೆ ಅಂಗಳ ಗುಡಿಸುವಾಗ ತೇನೆಪಿಟ್ಟಗಳ ಗಲಾಟೆಗೆ ನನಗೆ ತಲೆನೋವು ಬರುತ್ತೆ.” ತೇನೆಪಿಟ್ಟ ಎಂದರೆ ಇಲ್ಲಿಯವರಿಗೆ ಸೂರಕ್ಕಿ.

ಕೇಳಬಹುದಿತ್ತು. ನಿಮ್ಮನ್ನೂ ಕೇಳಬಹುದಿತ್ತು, 2012ರಲ್ಲಿ. ನನ್ನ ಕೋಣೆಯಿಂದ ನಿಮ್ಮ ಟೇಬಲ್ ಹತ್ತು ಹೆಜ್ಜೆ. ಏನಾಯಿತಮ್ಮಾ ಎಂದು ಒಂದು ಮಾತು ಸಾಕಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬಾರದು. ತಪ್ಪಾಯಿತು.

ಮರುದಿನ ಬೆಳಿಗ್ಗೆ ನಾನೂ ಕೋಟೇಶ್ವರಮ್ಮನೂ ಆಟೋದಲ್ಲಿ ಆಟೋನಗರಕ್ಕೆ ಹೋದೆವು. ನಾನು ಹೋಗುತ್ತೇನೆಂದೆ, ಅವರು “ನೀವು ಕರೆದರೆ ಅವು ಬರಲ್ಲ” ಎಂದು ತಾವೂ ಹತ್ತಿದರು. ಹೊಸದಾಗಿ ಹಾಕಿಸಿಕೊಂಡ ಕಿವಿಯ ಯಂತ್ರ ನನ್ನಲ್ಲಿತ್ತು. ಅಲ್ಲಿ ತಗಡು ಬಡಿಯುವ ಸದ್ದು, ಕೊರೆಯುವ ಸದ್ದು ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿ, ತೆಗೆದು ಜೇಬಿಗೆ ಹಾಕಿಕೊಂಡೆ. ಶೆಡ್ಡಿನಿಂದ ಶೆಡ್ಡಿಗೆ ನಡೆದೆವು. ಕೋಟೇಶ್ವರಮ್ಮ ಬಗ್ಗಿ ಲಾರಿಗಳ ಕೆಳಗೆ ನೋಡುತ್ತ ಒಂದೊಂದೇ ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ಆ ಹೆಸರುಗಳು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚಹಾ ಮಾರುವ ದುರ್ಗಾಭವಾನಿ ಎಂಬಾಕೆ, “ಗೋಣಿಯಲ್ಲಿ ತಂದು ಸುರಿದದ್ದು ನಿಮ್ಮವರೇನಾ?” ಎಂದು ಕೇಳಿದಳು. ಹೌದು, ನನ್ನಿಂದಲೇ ಎಂದೆ. ಆಕೆ ನನ್ನ ಮುಖ ನೋಡಿ, ಒಳಗಿನಿಂದ ಎರಡು ಬೆಕ್ಕುಗಳನ್ನು ತಂದು ಕೊಟ್ಟಳು. ಇನ್ನೊಂದು ಎಣ್ಣೆ ಡಬ್ಬಗಳ ಹಿಂದೆ ಸಿಕ್ಕಿತು, ಹಿಂಗಾಲು ಕುಂಟುತ್ತದೆ. ಎರಡು ಬೆಕ್ಕು ಲಾರಿಯ ಚಕ್ರಕ್ಕೆ ಸಿಕ್ಕಿ ಸತ್ತವಂತೆ. ಉಳಿದ ನಾಲ್ಕರ ವಿಷಯ ಯಾರಿಗೂ ತಿಳಿಯದು.

ಬರುವಾಗ ಆಟೋದಲ್ಲಿ ಕೋಟೇಶ್ವರಮ್ಮ ಅತ್ತರು. ನಾನು ಬೆಕ್ಕುಗಳ ಬುಟ್ಟಿ ಹಿಡಿದು ಕೂತಿದ್ದೆ.

ಬಾಲಚಂದ್ರ


ವಿಶಾಖಪಟ್ಟಣ
20 ಜುಲೈ 2025

ಬಾಲಚಂದ್ರ ಸರ್,

ಕಾಗದವನ್ನು ಎರಡು ಸಲ ಓದಿದೆ. 2012ರ ಕುರಿತ ಆ ಒಂದು ಸಾಲನ್ನು ಇನ್ನೂ ಹೆಚ್ಚು ಸಲ.

ಎಣಿಕೆ ನಿಲ್ಲಿಸಿದ್ದೀರಿ ಎಂದು ಚೆನ್ನಮ್ಮನವರು ಫೋನಿನಲ್ಲಿ ಹೇಳಿದರು. ನಿಲ್ಲಿಸಬೇಡಿ. ಹಳೆಯ ಪುಸ್ತಕಗಳನ್ನು ಹರಿಯಲೂ ಬೇಡಿ. 2013ರಿಂದ ಈಚಿನ ಪುಟಗಳಲ್ಲಿ ‘ಎಣಿಸಿದವರ ಕಿವಿ ಕುಂದಿತ್ತು’ ಎಂದು ಮೇಲೆ ಬರೆದರೆ ಸಾಕು. ಕಾಗೆ, ಕೋಗಿಲೆಗಳ ಅಂಕಿ ಈಗಲೂ ಸರಿಯೇ. ಇನ್ನೊಂದು ಮಾತು: ಬೆಕ್ಕು ಹಕ್ಕಿ ಹಿಡಿಯುವುದು ನಿಜವೇ. ಎಷ್ಟು ಎಂಬುದು ನಮಗೆ ಗೊತ್ತಿಲ್ಲ, ಅಷ್ಟೆ. ತಪ್ಪೊಪ್ಪಿಗೆಯ ಭರದಲ್ಲಿ ಅದನ್ನೂ ಅಳಿಸಬೇಡಿ.

ಕೇಳುವ ಕಿವಿ ಯಾರದಾದರೇನು? ಬರೆಯುವ ಕೈ ನಿಮ್ಮದಿರಲಿ.

ನಿಮ್ಮ,
ಅನಸೂಯಾ


ಭವಾನಿಪುರಂ
24 ಆಗಸ್ಟ್ 2025

ಅನಸೂಯಾ,

ಎಣಿಕೆ ಮತ್ತೆ ಶುರುವಾಗಿದೆ, ಇದು ನಾಲ್ಕನೇ ಭಾನುವಾರ. ನೀವು ಬರೆದ ಮೇಲೆ ಎರಡು ದಿನ ಧೈರ್ಯ ಸಾಲದೆ, ಮೂರನೇ ದಿನ ಹೋಗಿ ಕೋಟೇಶ್ವರಮ್ಮನನ್ನು ಕೇಳಿದೆ. “ಹತ್ತು ನಿಮಿಷ ತಾನೇ, ಅಂಗಳ ಆಮೇಲೆ ಗುಡಿಸಿದರಾಯಿತು” ಎಂದರು. ಈಗ ಅವರು ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಹೇಳುತ್ತಾರೆ, ನಾನು ಮೆಟ್ಟಿಲ ಮೇಲೆ ಕೂತು ಬರೆಯುತ್ತೇನೆ. ಹೆಸರು ಗೊತ್ತಿಲ್ಲದ ಹಕ್ಕಿಯಾದರೆ ಅದರ ಹಾಗೆಯೇ ಕೂಗಿ ತೋರಿಸುತ್ತಾರೆ, ಅದು ನನಗೆ ಕೇಳುತ್ತದೆ. ಚೆನ್ನಮ್ಮ ಮೂವರಿಗೂ ಚಹಾ ತರುತ್ತಾಳೆ.

ಈ ತಿಂಗಳ ಸರಾಸರಿ ಇಪ್ಪತ್ತಾರು. ಸೂರಕ್ಕಿ ಐದಾರು ಯಾವಾಗಲೂ ಇವೆ. ಪಾರಿವಾಳ ನಿಮ್ಮಲ್ಲಿಯಂತೆ ಇಲ್ಲಿಯೂ ಏರಿದೆ. ಗುಬ್ಬಚ್ಚಿ ಕೇಳುತ್ತದೆಯೇ ಎಂದು ಪ್ರತಿ ವಾರ ಕೊನೆಯಲ್ಲಿ ಕೇಳುತ್ತೇನೆ. ಇನ್ನೂ ಸ್ವಲ್ಪ ಹೊತ್ತು ಕೂತು, “ಲೇದಂಡಿ” ಎನ್ನುತ್ತಾರೆ. ಅದು ನನ್ನ ಕಿವಿಯ ತಪ್ಪಲ್ಲ, ಅವು ನಿಜವಾಗಿಯೂ ಇಲ್ಲ.

ಹೋದ ಬುಧವಾರ ನಡೆದದ್ದನ್ನು ಹೇಳಬೇಕೆಂದೇ ಈ ಕಾಗದ. ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಕೋಟೇಶ್ವರಮ್ಮ ಗೇಟು ತೆಗೆದುಕೊಂಡು ಬಂದು ನನ್ನೆದುರು ನಿಂತರು. ಕೈಯಲ್ಲಿ ಮಡಚಿದ ಬಾಳೆಲೆ. ಬಿಚ್ಚಿ ಟೇಬಲ್ಲಿನ ಮೇಲೆ ಇಟ್ಟರು. ಗಂಡು ಸೂರಕ್ಕಿ. ಹೊಟ್ಟೆಯ ಹಳದಿ ಇನ್ನೂ ಹೊಳೆಯುತ್ತಿತ್ತು, ಕತ್ತಿನ ಹತ್ತಿರ ಹಲ್ಲಿನ ಗುರುತು. ಆಟೋನಗರದಿಂದ ತಂದ ಮೂರರಲ್ಲಿ ದೊಡ್ಡದು ಹಿಡಿದದ್ದಂತೆ.

ಅವರು ಅದನ್ನು ಗೋಡೆಯಾಚೆ ಮಣ್ಣು ಮಾಡಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ಹಾಗೆಂದು ಅವರಿಗೂ ಗೊತ್ತಿತ್ತು. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಪುಸ್ತಕದ ಕಡೆ ಗದ್ದ ಚಾಚಿದರು.

“ಇದಿ ಕೂಡಾ ರಾಯಂಡಿ,” ಎಂದರು. ಇದನ್ನೂ ಬರೆಯಿರಿ.

ತಾರೀಖು ಹಾಕಿ ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು ತಲೆಯಾಡಿಸಿ, ಎಲೆಯನ್ನು ಮತ್ತೆ ಮಡಚಿ ಎತ್ತಿಕೊಂಡು, ದಾಸವಾಳದ ಬುಡದಲ್ಲಿ ಗುಂಡಿ ತೋಡಲು ಚೆನ್ನಮ್ಮನನ್ನು ಗುದ್ದಲಿ ಕೇಳಿದರು.

ಬಾಲಚಂದ್ರ